ನಮ್ಮ ಔಷಧದ ಪೆಟ್ಟಿಗೆ

(ನಾಂಪಲ್ಲಿಯ ಉಚಿತ ಚಿಕಿತ್ಸಾಲಯದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಉಚಿತ ಚಿಕಿತ್ಸಾಲಯದಲ್ಲಿ ಸೇವೆಮಾಡಲು ಒಪ್ಪಿ ಬಂದಿರುವ ತರುಣರಿಗೆ ಸಾಮಾನ್ಯ ಔಷಧಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ವೈದ್ಯಶಾಸ್ತ್ರದ ಉಪನ್ಯಾಸವನ್ನು ಯಾರೂ ನಿರೀಕ್ಷಿಸಬಾರದು. ರೋಗವನ್ನು ಗೊತ್ತುಮಾಡುವುದೂ ಔಷಧ ಬರೆಯುವುದೂ ವೈದ್ಯರ ಕೆಲಸ. ಅದರಲ್ಲಿ ನಾವು ನೀವು ಕೈಹಾಕತಕ್ಕದ್ದಲ್ಲ. ಆದರೆ ವೈದ್ಯರು ಬರೆದ ಚೀಟಿ ರೋಗಿಯ ಕೈಗೆ ಬಂದ ಕ್ಷಣದಿಂದ ಆ ಗುಳಿಗೆ ಅವನ ಹೊಟ್ಟೆಯನ್ನು ಸೇರುವವರೆಗೆ ಒಂದು ದಾರಿಯಿದೆಯಲ್ಲ, ಆ ದಾರಿ ನಮ್ಮದು. ಔಷಧದ ಮೇಜಿನ ಹಿಂದೆ ಹಲವು ವರ್ಷ ಕುಳಿತು ನಾವು ಕಂಡುಕೊಂಡದ್ದೇನೆಂದರೆ, ಒಳ್ಳೆಯ ಔಷಧ ವ್ಯರ್ಥವಾಗುವುದು ಬಹುಮಟ್ಟಿಗೆ ಆ ದಾರಿಯಲ್ಲಿಯೇ.

ನಮ್ಮಲ್ಲಿಗೆ ಬರುವವರು ಯಾರು ಎಂಬುದನ್ನು ಮೊದಲು ನೆನೆಯೋಣ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ನಾಂಪಲ್ಲಿಯ ನಿಲ್ದಾಣ 1907ರದು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಸೀಮೆಯ ಜನಕ್ಕೆ ಹೈದರಾಬಾದು ಅಂದಿನಿಂದಲೂ ಕಚೇರಿಯ ಊರು, ಕೂಲಿಯ ಊರು, ದವಾಖಾನೆಯ ಊರು. 1956ರ ನವೆಂಬರ್ 1ರಂದು ಆ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ನಾವು ಇಂದು ಹಬ್ಬ ಮಾಡುತ್ತಿರುವುದೂ ಅದಕ್ಕಾಗಿಯೇ. ಗಡಿ ಸರಿಯಿತೇ ಹೊರತು ಹೊಟ್ಟೆಪಾಡಿನ ದಾರಿ ಸರಿಯಲಿಲ್ಲ. ಇಂದಿಗೂ ಗಾರೆ ಕೆಲಸಕ್ಕೆ, ಕಲ್ಲು ಮಣ್ಣು ಹೊರುವುದಕ್ಕೆ, ಮನೆಗೆಲಸಕ್ಕೆ ಆ ಕಡೆಯ ಜನ ಇಲ್ಲಿಗೆ ಬರುತ್ತಲೇ ಇದ್ದಾರೆ. ಇಲ್ಲಿಯ ವೈದ್ಯರು ತೆಲುಗು, ಹಿಂದಿ, ದಖನಿಗಳಲ್ಲಿ ಸೌಜನ್ಯದಿಂದಲೇ ಮಾತನಾಡುತ್ತಾರೆ. ಆದರೆ ಕೂಲಿಯ ಲೆಕ್ಕಕ್ಕೆ ಸಾಲುವಷ್ಟು ಹಿಂದಿ ಬೇನೆಯ ಲೆಕ್ಕಕ್ಕೆ ಸಾಲದು.

ನಮ್ಮ ಕನ್ನಡದೊಳಗೂ ಒಂದು ತೊಡಕಿದೆ. ನಿಮ್ಮಲ್ಲಿ ಅನೇಕರು ಬೆಂಗಳೂರು ಮೈಸೂರುಗಳ ಕಡೆಯವರು. ಯಾದಗಿರಿಯ ತಾಯಿ ಕೂಸನ್ನು ಎತ್ತಿಕೊಂಡು ಬಂದು “ಮೈಯಾಗ ಉರಿ ಬಂದಾವ್ರೀ” ಎಂದರೆ ಕೂಸಿಗೆ ಜ್ವರ ಬಂದಿದೆಯೆಂದು ಅರ್ಥ, ಚರ್ಮ ಉರಿಯುತ್ತಿದೆಯೆಂದಲ್ಲ. “ಜುಲಾಬು ಹತ್ಯಾವ” ಎಂದರೆ ಭೇದಿ. “ದಮ್ಮು” ಎಂದರೆ ಉಬ್ಬಸ. “ಜಡ್ಡು” ಎಂದರೆ ಕಾಯಿಲೆ. ಈ ಮಾತುಗಳನ್ನು ವೈದ್ಯರಿಗೆ ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ಒಪ್ಪಿಸುವವರು ನೀವು. ರೋಗಿ ಹೇಳಿದ್ದನ್ನಷ್ಟೇ ಹೇಳಿ. ನಿಮಗೆ ತೋರಿದ ರೋಗದ ಹೆಸರನ್ನು ನಡುವೆ ಸೇರಿಸಬೇಡಿ.

ಅನಂತರ ಚೀಟಿ. ಚೀಟಿಯ ಮೇಲೆ 1-0-1 ಎಂದು ಬರೆದಿರುತ್ತದೆ. ಅದು ಜ್ವರದ ಅಂಕಿ, ನೂರಾ ಒಂದು ಡಿಗ್ರಿ ಎಂದು ತಿಳಿದ ಹಿರಿಯರೊಬ್ಬರನ್ನು ನಾವು ಕಂಡಿದ್ದೇವೆ, ಅವರ ತಪ್ಪೇನು? ಆದುದರಿಂದ “ಮುಂಜಾನಿ ರೊಟ್ಟಿ ತಿಂದ ಮ್ಯಾಲ ಒಂದು, ರಾತ್ರಿ ಉಂಡ ಮ್ಯಾಲ ಒಂದು” ಎಂದು ಬಾಯಿಬಿಟ್ಟು ಹೇಳತಕ್ಕದ್ದು. ಗುಳಿಗೆಯ ಪೊಟ್ಟಣದ ಮೇಲೆ ಒಂದು ಸೂರ್ಯನನ್ನೂ ಒಂದು ಚಂದ್ರನನ್ನೂ ಬರೆದುಕೊಡಿ. ಅಕ್ಷರ ಬಾರದವರಿಗೆ ಅದು ಸಾಕು. “ತಿಳೀತೇ?” ಎಂದು ಮಾತ್ರ ಕೇಳಬೇಡಿ. ತಿಳಿದವರೂ ತಿಳಿಯದವರೂ “ಹೂಂರೀ” ಎನ್ನುತ್ತಾರೆ. “ಮನಿಗಿ ಹೋಗಿ ಹ್ಯಾಂಗ ತಗೋತೀರಿ, ನಮಗ ಒಮ್ಮಿ ಹೇಳ್ರಿ ಯವ್ವಾ” ಎಂದು ಕೇಳಿ. ಅವರ ಬಾಯಿಂದ ಸರಿಯಾಗಿ ಬರುವವರೆಗೆ ಪೊಟ್ಟಣವನ್ನು ಕೈಬಿಡಬೇಡಿ. ಸಾಲು ಉದ್ದವಾದೀತು, ಹಿಂದಿನವರು ಗೊಣಗಿಯಾರು, ಗೊಣಗಲಿ.

ಇನ್ನು ಪೆಟ್ಟಿಗೆಯನ್ನು ತೆರೆಯೋಣ.

ಮೊದಲು ಕೈಗೆ ಬರುವುದು ಪ್ಯಾರಾಸಿಟಮಾಲ್. ಜ್ವರವನ್ನು ಇಳಿಸುವುದು, ಮೈಕೈ ನೋವನ್ನು ತಗ್ಗಿಸುವುದು ಇದರ ಕೆಲಸ. ಜ್ವರದ ಕಾರಣವನ್ನು ಇದು ಮುಟ್ಟುವುದಿಲ್ಲ. ದೊಡ್ಡವರಿಗೆ 500 ಮಿಲಿಗ್ರಾಂ ಗುಳಿಗೆ ಒಂದೋ ಎರಡೋ. ಎರಡು ಸರತಿಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರ. ಇಡೀ ದಿನಕ್ಕೆ 4 ಗ್ರಾಂ ಮೀರಲೇಬಾರದು. ಮೀರಿದರೆ ಯಕೃತ್ತು ಕೆಡುತ್ತದೆ; ಕುಡಿತದ ಚಟವಿದ್ದವರಿಗೂ ಸೊರಗಿದವರಿಗೂ ಅದಕ್ಕಿಂತ ಕಡಿಮೆಯೇ ಸರಿ, ಅದನ್ನು ವೈದ್ಯರು ಹೇಳುತ್ತಾರೆ. ಇಲ್ಲಿ ಮೋಸಹೋಗುವುದು ಹೆಸರಿನಿಂದ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಇದೇ ಮದ್ದು. ನೆಗಡಿಯ ಗುಳಿಗೆಗಳೆಂದು ಮಾರುವ ಅನೇಕದರೊಳಗೂ ಇದೇ ಬೆರೆತಿರುತ್ತದೆ. ಮೂರು ಹೆಸರಿನ ಮೂರು ಗುಳಿಗೆ ನುಂಗಿದವನು ಒಂದನ್ನೇ ಮೂರು ಸಲ ನುಂಗಿರಬಹುದು. ಮಕ್ಕಳಿಗಾದರೆ ತೂಕವೇ ಲೆಕ್ಕ: ಒಂದು ಕಿಲೋ ತೂಕಕ್ಕೆ ಒಂದು ಸರತಿಗೆ 10ರಿಂದ 15 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು; ಸೀಸೆಯ ಮೇಲಿನ ಅಂಕಿಯನ್ನು ನೋಡದೆ “ಒಂದು ಚಮಚೆ” ಎಂದು ಹೇಳುವುದು ಅಪಾಯ. ಅಡಿಗೆಮನೆಯ ಚಮಚೆಯಂತೂ ಬೇಡವೇ ಬೇಡ. ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನು ತೋರಿಸಿಕೊಡಿ.

ಮೂರು ದಿನ ಮೀರಿದ ಜ್ವರವನ್ನು ನಮ್ಮ ಪೆಟ್ಟಿಗೆಯಿಂದ ಓಡಿಸಲು ಹೊರಡಬಾರದು, ರಕ್ತಪರೀಕ್ಷೆಗೆ ಕಳುಹಿಸಬೇಕು. ಸೊಳ್ಳೆಯೇ ಮಲೇರಿಯಾವನ್ನು ಹರಡುವುದೆಂಬ ಸತ್ಯದ ಸುಳಿವು ರೊನಾಲ್ಡ್ ರಾಸ್‌ಗೆ 1897ರ ಆಗಸ್ಟ್ 20ರಂದು ಸಿಕ್ಕಿದ್ದು ಇಲ್ಲಿಯೇ, ಬೇಗಂಪೇಟೆಯಲ್ಲಿ. ಆ ಕೀರ್ತಿ ನಮ್ಮ ಊರಿಗಿದೆ. ಸೊಳ್ಳೆಯೂ ಇದ್ದೇ ಇದೆ. ಮಳೆಗಾಲದ ಜ್ವರ ಡೆಂಗ್ಯೂ ಆಗಿದ್ದೀತು. ಅದರಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತಸ್ರಾವಕ್ಕೆ ದಾರಿಮಾಡಬಲ್ಲವು. ಆದುದರಿಂದ ಕಾರಣ ತಿಳಿಯದ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಜೊತೆಗೆ ಧಾರಾಳವಾಗಿ ನೀರು.

ಈ ಪೆಟ್ಟಿಗೆಯಲ್ಲಿ ಯಾವುದೊಂದನ್ನು ಉಳಿಸಿಕೊಳ್ಳುತ್ತೀರಿ ಎಂದು ಯಾರಾದರೂ ಕೇಳಿದರೆ ನಾವು ಓಆರ್‌ಎಸ್ ಪೊಟ್ಟಣವನ್ನು ಎತ್ತಿಕೊಳ್ಳುತ್ತೇವೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಬನಗಾಂವ್‌ನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ರಕ್ತನಾಳಕ್ಕೆ ಹಾಕುವ ಸಲೈನು ಸಾಲದೆ ಹೋಯಿತು. ಡಾಕ್ಟರ್ ದಿಲೀಪ್ ಮಹಲನಬಿಸರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ಬಹುಮಟ್ಟಿಗೆ ರೋಗಿಗಳ ನೆಂಟರಿಷ್ಟರೇ, ವೈದ್ಯರಲ್ಲ, ದಾದಿಯರಲ್ಲ. ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಬಂತು. ಇದನ್ನು ನಿಮಗೆ ಹೇಳಲು ಕಾರಣವಿಷ್ಟೆ: ಅಲ್ಲಿ ಜೀವ ಉಳಿಸಿದ ಕೈಗಳು ನಿಮ್ಮಂಥವರ ಕೈಗಳು.

ಇದು ಕೆಲಸಮಾಡುವ ಬಗೆಯನ್ನು ತಿಳಿದಿದ್ದರೆ ತಾಯಂದಿರಿಗೆ ಹೇಳಲು ಅನುಕೂಲ. ಭೇದಿಯಾಗುವಾಗ ಕರುಳು ಬರಿಯ ನೀರನ್ನು ಚೆನ್ನಾಗಿ ಹೀರಿಕೊಳ್ಳಲಾರದು. ಗ್ಲೂಕೋಸು ಉಪ್ಪನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ನೀರು ತಿರುಗಿ ಕರುಳಿಗೇ ಇಳಿದು ಭೇದಿ ಬಲಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಲೆಕ್ಕದಲ್ಲಿ ಒಂದು ಲೀಟರಿಗೆ ಗ್ಲೂಕೋಸು 13.5 ಗ್ರಾಂ, ಅಡಿಗೆ ಉಪ್ಪು 2.6 ಗ್ರಾಂ, ಉಳಿದವು ಪೊಟಾಸಿಯಂ ಮತ್ತು ಸಿಟ್ರೇಟು. ಹಣ್ಣಿನ ರಸದಂಥ ಸಿಹಿ ಪಾನೀಯಗಳ ಡಬ್ಬಿಗಳ ಮೇಲೆ ಓಆರ್‌ಎಸ್ ಎಂದು ಬರೆದು ಮಾರುವ ಪದ್ಧತಿ ಬಹುಕಾಲ ನಡೆದಿತ್ತು. ಅದರ ವಿರುದ್ಧ ವರ್ಷಾನುಗಟ್ಟಲೆ ಹೋರಾಡಿದವರು ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾಕ್ಟರ್ ಶಿವರಂಜನಿ ಸಂತೋಷ್. ಕೊನೆಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳಿಗೆ ಆ ಹೆಸರನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಆಕೆಯ ಹಟಕ್ಕೆ ನಾವೆಲ್ಲ ಋಣಿಗಳು.

ದೊಡ್ಡ ಪೊಟ್ಟಣಕ್ಕೆ ಒಂದು ಲೀಟರು ನೀರು. ಸಣ್ಣದಕ್ಕೆ 200 ಮಿಲಿಲೀಟರು ಮಾತ್ರ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ಹೇಳಿ. ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಬೇಕು. ಇಷ್ಟಿಷ್ಟೇ ಚಿಟಿಕೆ ಹಾಕಿ ಕುಡಿಸಿದರೆ ಅಳತೆ ಕೆಡುತ್ತದೆ. ಕಲಸಿದ್ದು 24 ಗಂಟೆ ಮಾತ್ರ, ಮರುದಿನಕ್ಕೆ ಬೇರೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಹಾ ಚಮಚೆ ಉಪ್ಪು. ಕೂಸು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚೆ ಚಮಚೆಯಾಗಿ ಹಾಕಬೇಕು; ಎದೆಹಾಲನ್ನು ನಿಲ್ಲಿಸಲೇಬಾರದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಗುಳಿಗೆಯನ್ನು 14 ದಿನ ಕೊಡುವುದು ವಾಡಿಕೆ. ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ತಾಯಿ ಅದನ್ನು ಬಿಡದಂತೆ ಹೇಳಿ ಕಳುಹಿಸಿ. ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ನಿಂತಿದ್ದರೆ, ಮಗು ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ನಮ್ಮ ಮೇಜಿನ ಮುಂದೆ ಒಂದು ನಿಮಿಷವೂ ನಿಲ್ಲಿಸಬಾರದು. ನೀಲೋಫರ್ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ, ನೀವೇ ಜೊತೆಗೆ ಹೋಗಿ.

ಮಕ್ಕಳ ಮಾತು ಬಂದುದರಿಂದ ಕೆಮ್ಮಿನ ಸಿರಪ್ಪಿನ ವಿಷಯವನ್ನೂ ಹೇಳಿಬಿಡುತ್ತೇವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ಪು ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಆ ಅಕ್ಟೋಬರಿನಲ್ಲಿಯೇ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ತಿಳಿಸಿತು. ನಮ್ಮ ಪೆಟ್ಟಿಗೆಯಲ್ಲಿ ಚಿಕ್ಕ ಮಕ್ಕಳ ಕೆಮ್ಮಿನ ಸಿರಪ್ಪು ಇಲ್ಲ. ದಾನವಾಗಿ ಬಂದರೂ ಒಲ್ಲೆವೆನ್ನಿ.

ಈಗ ನೋವಿನ ಗುಳಿಗೆ. ನಮ್ಮವರು ಹೆಚ್ಚಾಗಿ ಕೇಳಿಕೊಂಡು ಬರುವುದು ಇದನ್ನೇ. ದಿನವಿಡೀ ಇಟ್ಟಿಗೆ ಹೊತ್ತ ಬೆನ್ನು ರಾತ್ರಿ ನೋಯದೆ ಇರುತ್ತದೆಯೆ? ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ನೋವನ್ನು ಬಹು ಬೇಗ ತಗ್ಗಿಸುತ್ತವೆ. ಅದೇ ಅವುಗಳ ಗುಣ, ಅದೇ ಅವುಗಳ ದೋಷ. ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣು, ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡವೂ ಏರುತ್ತದೆ. ಬೇಸಗೆಯ ಬಿಸಿಲಿನಲ್ಲಿ ಬೆವರಿ ನೀರು ಕುಡಿಯದೆ ದುಡಿಯುವವನಿಗೆ ಈ ಅಪಾಯ ಇಮ್ಮಡಿ. ಗರ್ಭಿಣಿಯರಿಗೆ ವೈದ್ಯರ ಮಾತಿಲ್ಲದೆ ಕೊಡಲೇಕೂಡದು. “ಎಷ್ಟು ದಿನದಿಂದ ನುಂಗುತ್ತಿದ್ದೀರಿ?” ಎಂದು ನೀವು ಕೇಳಿ, ವೈದ್ಯರಿಗೆ ತಿಳಿಸಿ, ಜನರು ತಾವಾಗಿ ಹೇಳುವುದಿಲ್ಲ. ಔಷಧದಂಗಡಿಯಲ್ಲಿ ನಾಲ್ಕು ಬಣ್ಣದ ಬಿಡಿ ಗುಳಿಗೆಗಳನ್ನು ಕಟ್ಟಿಸಿಕೊಂಡು ತಿನ್ನುವ ಅಭ್ಯಾಸವಿದ್ದವರಿಗೆ ಆ ಪೊಟ್ಟಣವನ್ನು ತರಲು ಹೇಳಿ. ಕೆಲವರು “ಗುಳಿಗಿ ಬ್ಯಾಡ, ಸೂಜಿ ಹಾಕ್ರಿ” ಎನ್ನುತ್ತಾರೆ. ಸೂಜಿ ಚುಚ್ಚಿಸಿಕೊಳ್ಳದಿದ್ದರೆ ವೈದ್ಯರು ನೋಡಲೇ ಇಲ್ಲವೆಂಬ ಭಾವನೆ! ಜಗಳವಾಡಬೇಡಿ, ಕೂಡಿಸಿ, ನೀರು ಕೊಟ್ಟು, ಸಾವಧಾನವಾಗಿ ಹೇಳಿ.

ಸೆಟ್ರಿಜಿನ್ ನೆಗಡಿಗೂ ಮೈತುರಿಕೆಗೂ ಕೊಡುವ ಮದ್ದು. ದೊಡ್ಡವರಿಗೆ 10 ಮಿಲಿಗ್ರಾಂ, ರಾತ್ರಿ ಒಂದು. ಇದು ಸಣ್ಣ ಗುಳಿಗೆ, ಸಾಧುವಾದ ಗುಳಿಗೆ. ಆದರೆ ಕೆಲವರಿಗೆ ನಿದ್ದೆ ತರುತ್ತದೆ. ಮುಂಜಾನೆ ಇದನ್ನು ನುಂಗಿ ನಾಲ್ಕನೆಯ ಅಂತಸ್ತಿನ ಸಾರುವೆಯನ್ನು ಹತ್ತಿದವನ ಗತಿಯೇನು? ಆಟೋ ಓಡಿಸುವವನ ಗತಿಯೇನು? ಏನು ಕೆಲಸವೆಂದು ಕೇಳಿಯೇ ಕೊಡಿ.

ಎದೆಯುರಿ, ಹುಳಿತೇಗಿಗೆ ಕೊಡುವ ಪ್ಯಾಂಟೊಪ್ರಜೋಲನ್ನು ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. “ಗ್ಯಾಸು” ಎಂಬ ಒಂದೇ ಮಾತಿನಲ್ಲಿ ನಮ್ಮ ಜನ ಹೊಟ್ಟೆಯ ಉಬ್ಬರವನ್ನೂ ಹೃದಯದ ಬೇನೆಯನ್ನೂ ಹೇಳಿಬಿಡುತ್ತಾರೆ. ಗ್ಯಾಸು ಎಂದು ಬಂದವರು ಬೆವರುತ್ತಿದ್ದರೆ, ಎದೆ ಬಿಗಿದಿದ್ದರೆ, ನೋವು ಎಡತೋಳಿಗೋ ದವಡೆಗೋ ಹರಿದಿದ್ದರೆ ಗುಳಿಗೆಯನ್ನು ಹುಡುಕಬೇಡಿ. ವೈದ್ಯರನ್ನು ಕೂಗಿ, 108ಕ್ಕೆ ಫೋನು ಮಾಡಿ. ಆ ಸೇವೆ 2005ರಲ್ಲಿ ಆರಂಭವಾದದ್ದೂ ಈ ಊರಿನಲ್ಲಿಯೇ.

ಹೆಣ್ಣುಮಕ್ಕಳಿಗೆ ಕೊಡುವ ಕಬ್ಬಿಣದ ಗುಳಿಗೆಯ ದೊಡ್ಡ ವೈರಿ ಚಹಾ. ಇರಾನಿ ಚಹಾದ ಊರಿನಲ್ಲಿ ಇದನ್ನು ಹೇಳುವುದು ಕಷ್ಟವೇ! ಆದರೂ ಚಹಾಕ್ಕೂ ಗುಳಿಗೆಗೂ ನಡುವೆ ಎರಡು ಗಂಟೆ ಬಿಡಬೇಕು. ನಿಂಬೆಹಣ್ಣಿನ ನೀರಿನೊಡನೆ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಲ ಕಪ್ಪಾಗುತ್ತದೆಂದು ಮೊದಲೇ ಹೇಳದಿದ್ದರೆ ಎರಡನೆಯ ದಿನವೇ ಹೆದರಿ ಎಸೆಯುತ್ತಾರೆ. ಮಕ್ಕಳ ಕೈಗೆ ಸಿಗದಂತೆ ಇಡಲು ಹೇಳಿ. ಕೆಂಪು ಗುಳಿಗೆಯನ್ನು ಮಿಠಾಯಿಯೆಂದು ತಿಂದರೆ ಮಗುವಿನ ಪ್ರಾಣಕ್ಕೇ ಬಂದೀತು. ಜಂತುಹುಳಕ್ಕೆ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಸಲ, ಜಗಿದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಬೇಡ. ಆಂಟಿಬಯೋಟಿಕ್ಕುಗಳ ವಿಷಯದಲ್ಲಿ ನಿಮ್ಮ ಕೆಲಸ ಎರಡೇ: ಹಿಂದೆ ಪೆನಿಸಿಲಿನ್ನಿಂದ ಮೈಯೆಲ್ಲ ದದ್ದು ಎದ್ದದ್ದುಂಟೆ ಎಂದು ಕೇಳುವುದು, ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಲು ಹೇಳುವುದು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಅದು ಮೇಜನ್ನು ದಾಟಬಾರದು.

ದಮ್ಮಿನವರ ವಿಷಯ ನಾಂಪಲ್ಲಿಯಲ್ಲಿ ಸ್ವಲ್ಪ ನಾಜೂಕಿನದು. ವರ್ಷವರ್ಷವೂ ಜೂನಿನಲ್ಲಿ, ಮೃಗಶಿರಾ ಮಳೆ ಕೂಡುವಾಗ, ಇಲ್ಲಿಯ ವಸ್ತುಪ್ರದರ್ಶನದ ಮೈದಾನದಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿ ಮದ್ದನ್ನಿಟ್ಟು ನುಂಗಿಸುತ್ತಾರೆ. ಸಾವಿರಾರು ಜನ ಬರುತ್ತಾರೆ, ನಮ್ಮ ಸೀಮೆಯವರೂ ಬರುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುವುದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಬಂದವರ ನಂಬಿಕೆಯನ್ನು ಹಾಸ್ಯಮಾಡಿದರೆ ಅವರು ನಮ್ಮ ಮೇಜಿನತ್ತ ಮತ್ತೆ ಸುಳಿಯುವುದಿಲ್ಲ. ಹೇಳತಕ್ಕದ್ದಿಷ್ಟೆ: ಮೀನು ನುಂಗಿದಿರೆಂದು ಇನ್‌ಹೇಲರನ್ನು ಬಿಡಬೇಡಿ. ಸಾಲ್ಬುಟಮಾಲ್ ಇನ್‌ಹೇಲರನ್ನು ಚೆನ್ನಾಗಿ ಕುಲುಕಿ, ಉಸಿರನ್ನು ಹೊರಗೆ ಬಿಟ್ಟು, ಒಳಗೆಳೆಯುವಾಗಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಹೇಳಿದರೆ ಬಾರದು, ಮಾಡಿ ತೋರಿಸಿ, ಮಾಡಿಸಿ ನೋಡಿ.

ಕೊನೆಯದಾಗಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ. ಈ ವಿಷಯದಲ್ಲಿ ಉಚಿತ ಶಿಬಿರಗಳ ಪದ್ಧತಿಯ ಮೇಲೆಯೇ ನಮಗೆ ಅಸಮಾಧಾನವಿದೆ. ಒಂದು ಭಾನುವಾರ ಪಂದಲು ಹಾಕಿ, ಫೋಟೋ ತೆಗೆಸಿ, ಬಿ.ಪಿ. ನೋಡಿ, ಹತ್ತು ದಿನದ ಆಮ್ಲೋಡಿಪಿನ್ ಕೊಟ್ಟು ಕಳುಹಿಸುತ್ತಾರೆ. ಹನ್ನೊಂದನೆಯ ದಿನ? ಈ ಗುಳಿಗೆಗಳು ಜ್ವರದ ಗುಳಿಗೆಗಳಲ್ಲ. ತಲೆನೋವು ನಿಂತಿತೆಂದು ನಿಲ್ಲಿಸುವಂಥವಲ್ಲ. ನಿಲ್ಲಿಸಿದರೆ ಒತ್ತಡ ಸದ್ದಿಲ್ಲದೆ ಮೇಲೇರಿ ಒಂದು ದಿನ ಲಕ್ವ ಹೊಡೆಯುತ್ತದೆ. ದುಡಿಯುವ ಒಬ್ಬನಿಗೆ ಲಕ್ವ ಹೊಡೆದರೆ ಊರಿನಲ್ಲಿ ಕಾದಿರುವ ಐದು ಬಾಯಿಗಳ ರೊಟ್ಟಿ ನಿಂತಿತು. ಆದುದರಿಂದ ನಮ್ಮಲ್ಲಿ ಬಿ.ಪಿ., ಸಕ್ಕರೆಯ ಗುಳಿಗೆಯ ಪೊಟ್ಟಣದೊಡನೆ ಇನ್ನೊಂದು ಚೀಟಿ ಹೋಗಲೇಬೇಕು: ಅವರು ಇರುವ ಬಡಾವಣೆಗೆ ಹತ್ತಿರದ ಬಸ್ತಿ ದವಾಖಾನೆ ಯಾವುದು, ಎಲ್ಲಿ ಇಳಿಯಬೇಕು ಎಂಬ ಚೀಟಿ. 2018ರಿಂದ ಈ ಊರಿನಲ್ಲಿ ನಡೆದುಬಂದಿರುವ ಆ ದವಾಖಾನೆಗಳಲ್ಲಿ ತಪಾಸಣೆಯೂ ಔಷಧವೂ ಉಚಿತ. ಅಲ್ಲಿ ಕನ್ನಡ ಬಾರದೆಂಬ ಅಂಜಿಕೆಯಿಂದ ನಮ್ಮವರು ಹೋಗುವುದಿಲ್ಲ. ಮೊದಲ ಸಲ ನಿಮ್ಮಲ್ಲೊಬ್ಬರು ಜೊತೆಗೆ ಹೋದರೆ ಎರಡನೆಯ ಸಲ ಅವರೇ ಹೋಗುತ್ತಾರೆ. ಹಬ್ಬಕ್ಕೋ ಬಿತ್ತನೆಗೋ ಊರಿಗೆ ಹೊರಟವರಿಗೆ ಗುಳಿಗೆಯ ಮೂಲ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಡಿ. ಕಂಪನಿಯ ಹೆಸರು ಬೇರೆಯಾದರೂ ಅಲ್ಲಿಯ ಸರಕಾರಿ ದವಾಖಾನೆಯಲ್ಲಿಯೋ ಜನೌಷಧಿ ಅಂಗಡಿಯಲ್ಲಿಯೋ ಅದೇ ಮದ್ದು ದೊರೆಯುತ್ತದೆ. ಬಣ್ಣ ಬದಲಾಯಿತೆಂದು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಬಾರದೆಂದೂ ಹೇಳಿ. ಮೆಟ್‌ಫಾರ್ಮಿನ್ ಊಟದ ಜೊತೆಗೆ. ಉಪವಾಸದ ದಿನಗಳಲ್ಲಿ ಸಕ್ಕರೆಯ ಗುಳಿಗೆಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಹೇಳಿ.

ಪೆಟ್ಟಿಗೆಯನ್ನು ಇಡುವ ಕ್ರಮವೂ ಇದೆ. ದಾನಿಗಳು ಕೊಡುವ ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳಲ್ಲಿ ಅವಧಿಯ ದಿನಾಂಕ ಕತ್ತರಿಸಿದ ತುಂಡಿನೊಡನೆ ಹೋಗಿರುತ್ತದೆ. ಅಂಥವು ಎಷ್ಟೇ ಬೆಲೆಯವಾದರೂ ನಮಗೆ ಬೇಡ. ಗುಳಿಗೆಗಳು 30 ಡಿಗ್ರಿಗಿಂತ ತಂಪಿನಲ್ಲಿರಬೇಕು. ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40ನ್ನು ದಾಟುವುದರಿಂದ ಪೆಟ್ಟಿಗೆಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು. ಇನ್ಸುಲಿನ್ ತೆಗೆದುಕೊಳ್ಳುವ ಕೂಲಿಕಾರರೂ ನಮ್ಮಲ್ಲಿಗೆ ಬರುತ್ತಾರೆ, ಅವರ ಶೆಡ್ಡುಗಳಲ್ಲಿ ಫ್ರಿಜ್ ಎಲ್ಲಿಯದು? ಅವರಿಗೆ ಹೀಗೆ ಹೇಳಿ: ಒಂದು ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ, ಸೀಸೆಯನ್ನು ಒದ್ದೆಯಾಗದಂತೆ ಸಣ್ಣ ಡಬ್ಬಿಯಲ್ಲಿಟ್ಟು ಒಳಮಡಕೆಯಲ್ಲಿ ಇಟ್ಟು, ಒದ್ದೆ ಬಟ್ಟೆ ಮುಚ್ಚಿ, ನೆರಳಿರುವ ಮೂಲೆಯಲ್ಲಿ ಇಡಿರಿ.